ವೀಸಾ ಬಂತು, ಬ್ಯಾಗ್ ರೆಡಿ. ಧರ್ಮದ ಬಗ್ಗೆ ಕೇಳಿದ್ರೆ ಏನು ಹೇಳ್ತೀರಿ?

(ಪುಣೆಯ ಕನ್ನಡಿಗರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ.)



ಇವತ್ತಿನ ವಿಷಯ ನೋಡಿ ನಮ್ಮ ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದ್ರು: "ಅಲ್ಲಪ್ಪಾ, ನೀನು ಸಾಫ್ಟ್‌ವೇರ್‌ನವನು. ಎಂಟೆಕ್ ಮಾಡಿದವನು. ಹಿಂದೂ ಧರ್ಮದ ಬಗ್ಗೆ ಮಾತಾಡೋಕೆ ನಿನಗೇನು ಅಧಿಕಾರ?" ಪ್ರಶ್ನೆ ಸರಿಯಾಗೇ ಇದೆ. ನಾನು ಶಾಸ್ತ್ರ ಓದಿದವನಲ್ಲ. ನನ್ನ ಸಂಸ್ಕೃತ ಹೈಸ್ಕೂಲಿಗೇ ಮುಗೀತು. ಆದ್ರೆ ಕಂಪನಿ ಕೆಲಸದ ಮೇಲೆ ಎರಡು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಹೊರಡೋ ಮುಂಚೆ ಮೂರು ತಿಂಗಳು ಸಮಯ ಸಿಕ್ಕಿತ್ತು. ಜರ್ಮನ್ ಕ್ಲಾಸಿನ ಜೊತೆಗೆ, ನಮ್ಮ ಮನೆಯಲ್ಲಿ ದಿನಾ ನಡೆಯೋದನ್ನೂ ಒಂದಿಷ್ಟು ಓದಿಕೊಂಡೆ. ಅದು ಎಷ್ಟು ಉಪಯೋಗಕ್ಕೆ ಬಂತು ಅಂತ ಇಲ್ಲಿ ಹೊರಟು ನಿಂತಿರೋರಿಗೆ ಹೇಳೋಣ ಅಂತ ಬಂದಿದ್ದೀನಿ. ಎಂಎಸ್‌ಗೆ ಹೋಗೋ ಮಕ್ಕಳಿದ್ದೀರಿ, ಆನ್‌ಸೈಟ್‌ಗೆ ಹೋಗೋರಿದ್ದೀರಿ, ಮಗಳ ಬಾಣಂತನಕ್ಕೆ ಹೊರಟಿರೋ ಅಮ್ಮಂದಿರೂ ಇದ್ದೀರಿ. ಮೂರೂ ಥರದವರಿಗೆ ಪ್ರಶ್ನೆಗಳು ಒಂದೇ.

ಮೊದಲ ಪ್ರಶ್ನೆ ಆಫೀಸಿನಲ್ಲಿ ಬರೋದಿಲ್ಲ, ನಗರಾಡಳಿತದ ಕಚೇರಿಯಲ್ಲೇ ಬರುತ್ತೆ. ಜರ್ಮನಿಯಲ್ಲಿ ಮನೆ ಸಿಕ್ಕ ಮೇಲೆ ವಿಳಾಸ ನೋಂದಾಯಿಸಬೇಕು. ಆ ಫಾರ್ಮಿನಲ್ಲಿ ನಿಮ್ಮ ಧರ್ಮ ಯಾವುದು ಅಂತ ಒಂದು ಕಾಲಂ ಇರುತ್ತೆ. ನಮ್ಮವರು ಕೆಲವರು ಗಾಬರಿ ಆಗ್ತಾರೆ. ವಿಷಯ ತೆರಿಗೆಯದ್ದು. ಅಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಚರ್ಚುಗಳ ಸದಸ್ಯರಿಂದ ಸರ್ಕಾರವೇ ಚರ್ಚ್ ತೆರಿಗೆ ವಸೂಲಿ ಮಾಡಿಕೊಡುತ್ತೆ. ಸ್ಟುಟ್‌ಗಾರ್ಟ್ ಇರೋ ರಾಜ್ಯದಲ್ಲಿ, ಪಕ್ಕದ ಬವೇರಿಯಾದಲ್ಲಿ, ಆದಾಯ ತೆರಿಗೆಯ 8 ಪರ್ಸೆಂಟ್. ಉಳಿದ ಕಡೆ 9. ಹಿಂದೂಗಳಿಗೆ ಈ ತೆರಿಗೆ ಇಲ್ಲ. ಸಂಬಳದ ಚೀಟಿ ನೋಡುವಾಗ ಇದು ನೆನಪಿರಲಿ.

ಆ ಕಾಲಂ ಇನ್ನೊಂದು ವಿಷಯವನ್ನೂ ತೋರಿಸುತ್ತೆ. ಅವರ ಮಟ್ಟಿಗೆ ಧರ್ಮ ಅಂದ್ರೆ ಸದಸ್ಯತ್ವ. ಸೇರಬಹುದು, ಅರ್ಜಿ ಕೊಟ್ಟು ಬಿಡಬಹುದು. ಹಾಗಾಗಿ ಅವರು ನಮ್ಮನ್ನ ಕೇಳೋದೂ ಅದೇ ಲೆಕ್ಕದಲ್ಲಿ: ನಿಮ್ಮ ಸ್ಥಾಪಕರು ಯಾರು, ಪುಸ್ತಕ ಯಾವುದು, ಮುಖ್ಯಸ್ಥರು ಎಲ್ಲಿದ್ದಾರೆ? ಮೂರಕ್ಕೂ ನಮ್ಮ ಹತ್ತಿರ ಒಂದೇ ಸಾಲಿನ ಉತ್ತರ ಇಲ್ಲ. ಅದಕ್ಕೇ ನಮ್ಮ ಹುಡುಗರು ತಡವರಿಸೋದು.

'ಹಿಂದೂ' ಅನ್ನೋ ಹೆಸರೇ ಮೊದಲು ಒಂದು ನದಿಯ ಹೆಸರು. ಸಿಂಧುವನ್ನ ಪರ್ಷಿಯನ್ನರು 'ಹಿಂದು' ಅಂದ್ರು. ನಮ್ಮ 'ಸ' ಅವರ ಬಾಯಲ್ಲಿ 'ಹ' ಆಗುತ್ತೆ, ಸಪ್ತ ಅನ್ನೋದು ಹಫ್ತಾ ಆದ ಹಾಗೆ. ಪುಣೆಯವರಿಗೆ ಹಫ್ತಾ ಬಿಡಿಸಿ ಹೇಳಬೇಕಾಗಿಲ್ಲ. ಅಂದ್ರೆ ನದಿಯಿಂದ ಈಚೆಗಿನ ಜನರಿಗೆ ಹೊರಗಿನವರು ಇಟ್ಟ ಹೆಸರು ಅದು. ಧರ್ಮದ ಹೆಸರಾಗಿ ಗಟ್ಟಿಯಾಗಿದ್ದು ಬಹಳ ತಡವಾಗಿ. 'ಹಿಂದೂಯಿಸಂ' ಅನ್ನೋ ಇಂಗ್ಲಿಷ್ ಪದ ಬಳಕೆಯಲ್ಲಿ ನೆಲೆಯೂರಿದ್ದು 19ನೇ ಶತಮಾನದಲ್ಲಿ. ಇಷ್ಟು ಹೇಳಿದ್ರೆ ಎದುರಿನವರಿಗೆ ಅರ್ಥ ಆಗುತ್ತೆ: ಇದು ಒಬ್ಬರು ಶುರು ಮಾಡಿದ ಸಂಸ್ಥೆ ಅಲ್ಲ, ಒಂದು ಭೂಭಾಗದಲ್ಲಿ ಹಲವರು ಹಲವು ಕಾಲದಲ್ಲಿ ಕಟ್ಟಿಕೊಂಡ ದಾರಿಗಳು.

ಕಾನೂನು ಕೂಡ ಇದನ್ನ ಒಪ್ಪಿಕೊಂಡ ಹಾಗಿದೆ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಸೆಕ್ಷನ್ ತೆಗೆದು ನೋಡಿ. ಅದು ಹಿಂದೂ ಅಂದ್ರೆ ಇಂಥದ್ದನ್ನ ನಂಬೋನು ಅಂತ ಹೇಳೋದಿಲ್ಲ. ವೀರಶೈವರು, ಲಿಂಗಾಯತರು, ಬ್ರಹ್ಮೋ, ಪ್ರಾರ್ಥನಾ, ಆರ್ಯ ಸಮಾಜದವರನ್ನ ಒಳಗೆ ಸೇರಿಸುತ್ತೆ. ಬೌದ್ಧರು, ಜೈನರು, ಸಿಖ್ಖರಿಗೂ ಕಾಯ್ದೆ ಅನ್ವಯಿಸುತ್ತೆ ಅನ್ನುತ್ತೆ. ಆದ್ರೆ ಲಿಂಗಾಯತರಲ್ಲಿ ಅನೇಕರು ನಮ್ಮದು ಪ್ರತ್ಯೇಕ ಧರ್ಮ ಅಂತಾರೆ, ಕೆಲವರು ಅಲ್ಲ ಅಂತಾರೆ. 2018ರಲ್ಲಿ ಕರ್ನಾಟಕ ಸರ್ಕಾರ ಕೇಂದ್ರಕ್ಕೆ ಶಿಫಾರಸು ಕಳಿಸುವವರೆಗೂ ಆ ಚರ್ಚೆ ಹೋಯ್ತು. ಈ ಹಾಲ್‌ನಲ್ಲೇ ಎರಡೂ ಅಭಿಪ್ರಾಯದವರಿದ್ದೀರಿ. ಹೊರಗಿನವರು ಕೇಳಿದಾಗ "ಇದರ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯ ಇದೆ" ಅಂತ ಹೇಳಿದ್ರೆ ಯಾರ ಮರ್ಯಾದೆಯೂ ಹೋಗೋದಿಲ್ಲ.

ಎರಡನೇ ಪ್ರಶ್ನೆ: ನಿಮಗೆ ಎಷ್ಟು ದೇವರು? 33 ಕೋಟಿ ಅಂತೆ, ಹೌದಾ?

ಇಂಜಿನಿಯರುಗಳಿಗೆ ಇಷ್ಟ ಆಗೋ ಉತ್ತರ ಬೃಹದಾರಣ್ಯಕ ಉಪನಿಷತ್ತಿನಲ್ಲಿದೆ. ಜನಕರಾಜನ ಸಭೆ. ಶಾಕಲ್ಯ ಅನ್ನೋನು ಯಾಜ್ಞವಲ್ಕ್ಯರನ್ನ ಇದೇ ಪ್ರಶ್ನೆ ಕೇಳ್ತಾನೆ, ದೇವತೆಗಳು ಎಷ್ಟು? ಯಾಜ್ಞವಲ್ಕ್ಯರು ಹೇಳೋ ಲೆಕ್ಕ 3306. ಸರಿ, ನಿಜವಾಗಿ ಎಷ್ಟು? 33. ನಿಜವಾಗಿ? ಆರು. ಆಮೇಲೆ ಮೂರು, ಆಮೇಲೆ ಎರಡು, ಆಮೇಲೆ ಒಂದೂವರೆ, ಕೊನೆಗೆ ಒಂದು. ಆ ಒಂದೂವರೆ ಯಾಕೆ ಅಂತ ಹುಡುಕಿ ಓದಿ, ಮಜಾ ಇದೆ. 33ರ ಪಟ್ಟಿಯೂ ಅಲ್ಲೇ ಇದೆ: ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಜೊತೆಗೆ ಇಂದ್ರ, ಪ್ರಜಾಪತಿ. ನಾನು ಇದನ್ನ ಕ್ಯಾಂಟೀನಿನಲ್ಲಿ ಹೇಳಿದಾಗ ಒಬ್ಬ ಸಹೋದ್ಯೋಗಿ ಪೇಪರ್ ನ್ಯಾಪ್ಕಿನ್ ಮೇಲೆ ಸಂಖ್ಯೆಗಳನ್ನ ಬರಕೊಂಡ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಈ ಪ್ರಶ್ನೆ ನಮ್ಮವರನ್ನೇ ನಮ್ಮವರು ಕೇಳಿದ್ರು ಅನ್ನೋದು ಅವನಿಗೆ ಹೊಸ ಸುದ್ದಿ.

ಇನ್ನೂ ಮುಂದೆ ಹೋಗಬೇಕು ಅನ್ನೋರಿಗೆ ನಮ್ಮ ಕರ್ನಾಟಕದ ನಕ್ಷೆ ಸಾಕು. ಶೃಂಗೇರಿ, ಮೇಲುಕೋಟೆ, ಉಡುಪಿ. ಶಂಕರರ ಅದ್ವೈತ, ರಾಮಾನುಜರ ವಿಶಿಷ್ಟಾದ್ವೈತ, ಮಧ್ವರ ದ್ವೈತ. ಜೀವ, ದೇವರು ಒಂದೇನಾ, ಬೇರೆನಾ ಅನ್ನೋದಕ್ಕೆ ಮೂವರೂ ಬೇರೆ ಬೇರೆ ಉತ್ತರ ಕೊಟ್ಟರು. ಮೂವರ ಪರಂಪರೆಯೂ ಒಂದೇ ರಾಜ್ಯದಲ್ಲಿ ಇವತ್ತಿಗೂ ನಡೀತಿದೆ. ಇವರಿಗೆ ಸೇರದ ಬಸವಣ್ಣನವರ ದಾರಿ ಕಲ್ಯಾಣದಲ್ಲಿ. ಆಮೇಲೆ ನಮ್ಮ ಹಳ್ಳಿಗಳ ಮಾರಮ್ಮ, ಕರಾವಳಿಯ ಭೂತಗಳು, ಮಲೆ ಮಹದೇಶ್ವರ. ಇದನ್ನೆಲ್ಲ ಬಿಟ್ಟು ಬರೀ ವೇದಾಂತ ಹೇಳಿದ್ರೆ ನಮ್ಮ ಅಜ್ಜಿಯಂದಿರ ಅರ್ಧ ದೇವರನ್ನ ಊರಲ್ಲೇ ಬಿಟ್ಟು ಹೋದ ಹಾಗೆ.

ವಿಗ್ರಹದ ಪ್ರಶ್ನೆಗೆ ಪುಣೆಯವರು ಪುಣ್ಯವಂತರು. ಗಣೇಶನ ಹಬ್ಬದ ಉದಾಹರಣೆ ಕೊಡಿ. ಮಣ್ಣಿನ ಮೂರ್ತಿ ತರ್ತೀವಿ, ಪ್ರಾಣಪ್ರತಿಷ್ಠೆ ಮಾಡ್ತೀವಿ, ಪೂಜೆ ಮಾಡ್ತೀವಿ, ಆಮೇಲೆ ನೀರಿಗೆ ಬಿಟ್ಟುಬಿಡ್ತೀವಿ. ಮೂರ್ತಿಯೇ ದೇವರು ಅಂತಿದ್ದಿದ್ರೆ ಯಾರಾದ್ರೂ ಮುಳುಗಿಸ್ತಿದ್ರಾ? ಇಷ್ಟು ಸಾಕು.

ಊಟದ ವಿಷಯ ಬೇಗ ಮುಗಿಸ್ತೀನಿ. ಹಿಂದೂಗಳೆಲ್ಲ ಸಸ್ಯಾಹಾರಿಗಳು ಅಂತ ದಯವಿಟ್ಟು ಹೇಳಬೇಡಿ. ಅದು ಸುಳ್ಳು, ಮತ್ತೆ ಪಕ್ಕದಲ್ಲಿ ಕೋಳಿ ತಿಂತಿರೋ ನಿಮ್ಮ ಹಿಂದೂ ಸ್ನೇಹಿತನಿಗೆ ಮುಜುಗರ. "ನಾನು ತಿನ್ನೋಲ್ಲ, ನಮ್ಮ ಮನೆಯಲ್ಲಿ ರೂಢಿ ಇಲ್ಲ" ಅಂದ್ರೆ ಸಾಕು. ತಿನ್ನದೇ ಇರೋರು ಲೇಬಲ್ ಓದೋದು ಕಲೀರಿ. ಗಮ್ಮಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತೆ. ಅಸಲಿ ಪಾರ್ಮೆಸಾನ್ ಚೀಸ್ ಮಾಡೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ವೀಗನ್ ಅಂತ ಬರೆದಿದ್ರೆ ಮೊಟ್ಟೆ, ಹಾಲು ಯಾವುದೂ ಇಲ್ಲ ಅಂತ ಅರ್ಥ.

ಈಗ ಸ್ವಸ್ತಿಕ. ಇದು ಜರ್ಮನಿಗೆ ಹೋಗೋರಿಗೆ ಬಹಳ ಮುಖ್ಯ. ನಾಜಿ ಚಿಹ್ನೆಗಳನ್ನ ಸಾರ್ವಜನಿಕವಾಗಿ ತೋರಿಸೋದು ಅಲ್ಲಿನ ದಂಡ ಸಂಹಿತೆಯ 86ಎ ಸೆಕ್ಷನ್ ಪ್ರಕಾರ ಅಪರಾಧ. ಕಾನೂನಿನ ಗುರಿ ನಮ್ಮ ಗೃಹಪ್ರವೇಶ ಅಲ್ಲ, ನಾಜಿವಾದ. ಆದ್ರೆ ಕೆಳಗಿನ ಮಹಡಿಯ ಅಜ್ಜಿಗೆ ನಿಮ್ಮ ಬಾಗಿಲ ಮೇಲಿನ ಕುಂಕುಮದ ಚಿಹ್ನೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಹೊಸ ಕಾರಿನ ಪೂಜೆ ಮಾಡಿ ಬಾನೆಟ್ ಮೇಲೆ ಬರೆದು ರಸ್ತೆಗೆ ಇಳಿಸಿದ್ರೆ ಪೊಲೀಸರು ನಿಲ್ಲಿಸಬಹುದು.

ಹಿನ್ನೆಲೆ ತಿಳಿದಿರಿ. 1870ರ ದಶಕದಲ್ಲಿ ಶ್ಲೀಮನ್ ಅನ್ನೋ ಜರ್ಮನ್ ಉತ್ಖನನಕಾರ ಟ್ರಾಯ್‌ನಲ್ಲಿ ಅಗೆದಾಗ ಈ ಆಕಾರ ತುಂಬ ಸಿಕ್ಕಿತು. ಅಲ್ಲಿಂದ ಯುರೋಪಿನಲ್ಲಿ ಇದರ ಬಗ್ಗೆ ಕುತೂಹಲ ಹಬ್ಬಿತು, ಆರ್ಯ ಜನಾಂಗದ ಕಲ್ಪನೆ ಕಟ್ಟುತ್ತಿದ್ದವರು ಎತ್ತಿಕೊಂಡರು. 1920ರಲ್ಲಿ ನಾಜಿ ಪಕ್ಷದ ಬಾವುಟಕ್ಕೆ ಬಂತು, 1935ರಲ್ಲಿ ದೇಶದ ಬಾವುಟವೇ ಅದಾಯ್ತು. ಆಮೇಲೆ ನಡೆದದ್ದು ನಿಮಗೆ ಗೊತ್ತು. "ಇದು ನಮ್ಮದು, ಅವರು ಕದ್ದದ್ದು" ಅಂತ ವಾದ ಮಾಡಬಹುದು, ಅದು ನಿಜವೂ ಹೌದು. ಆದ್ರೆ ಆ ಗುರುತಿನ ಅಡಿಯಲ್ಲಿ ಮನೆಯವರನ್ನ ಕಳಕೊಂಡವರ ಎದುರು ಮೊದಲು ಆಡೋ ಮಾತು ಅದಲ್ಲ. ದೇವರ ಮನೆಯಲ್ಲಿ ಇರಲಿ. ಬಾಗಿಲಿಗೆ ಓಂ ಬರೀರಿ, ರಂಗೋಲಿಗೆ ಕಮಲ ಹಾಕಿ. ಯಾರಾದ್ರೂ ಕೇಳಿದ್ರೆ ಕೂರಿಸಿ ಸಮಾಧಾನವಾಗಿ ಹೇಳಿ.

ಇನ್ನು ಜಾತಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡ್ತೀನಿ.

ನಮ್ಮ ಟೀಮಿನಲ್ಲಿ ಇಬ್ಬರು ಭಾರತೀಯರಿದ್ವಿ. ನಾನು, ಮತ್ತೆ ವಿದರ್ಭದ ಕಡೆಯ ಒಬ್ಬರು, ನನಗಿಂತ ಸೀನಿಯರ್. ಒಂದು ದಿನ ಊಟದ ಟೇಬಲ್‌ನಲ್ಲಿ ಒಬ್ಬ ಜರ್ಮನ್ ಸಹೋದ್ಯೋಗಿ, ಯಾವುದೋ ಸಾಕ್ಷ್ಯಚಿತ್ರ ನೋಡಿದ್ದನಂತೆ, ಕೇಳಿದ: "ನಿಮ್ಮಲ್ಲಿ ಇನ್ನೂ ಜಾತಿ ಇದೆಯಾ? ನೀವಿಬ್ಬರೂ ಯಾವ ಜಾತಿ?" ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದ್ರೆ ನನ್ನ ಪಕ್ಕದವರು ತಟ್ಟೆ ನೋಡ್ತಾ ಕೂತುಬಿಟ್ಟರು.

ಈ ಪ್ರಶ್ನೆ ಬಂದೇ ಬರುತ್ತೆ ಅಂತ ನಾನು ಓದಿಕೊಂಡು ಹೋಗಿದ್ದೆ. ಹೇಳಿದೆ: "ಇದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿದೆ, ಆಚರಿಸೋದು ಅಪರಾಧ. ಆದ್ರೂ ಮದುವೆಯಲ್ಲಿ, ಬಾಡಿಗೆ ಮನೆಯಲ್ಲಿ, ಹಳ್ಳಿಯ ನೀರಿನಲ್ಲಿ ಇನ್ನೂ ಇದೆ. ನನ್ನ ಜಾತಿಯಿಂದ ನನಗೆ ಕೆಲವು ವಿಷಯ ಸುಲಭ ಆಯ್ತು. ನನ್ನ ತಾತನಿಗೆ ಓದೋಕೆ ಯಾರೂ ಅಡ್ಡ ಬರಲಿಲ್ಲ. ಅದನ್ನ ಹೇಳಬಲ್ಲೆ. ಆದ್ರೆ ನಮ್ಮಲ್ಲಿ ಇನ್ನೊಬ್ಬರ ಜಾತಿ ಕೇಳೋದೇ ಒಂದು ಗಾಯ. ಅದನ್ನ ನೀನೂ ಕೇಳಬೇಡ, ನಾನೂ ಕೇಳೋಲ್ಲ." ಅವನು ತಕ್ಷಣ ಕ್ಷಮೆ ಕೇಳಿದ, ಮಾತು ಬೇರೆ ಕಡೆ ಹೋಯ್ತು.

ಸಾಯಂಕಾಲ ಟ್ರಾಮ್ ಸ್ಟಾಪಿನಲ್ಲಿ ಆ ಸೀನಿಯರ್ ತಾವಾಗೇ ಮಾತು ತೆಗೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ದೀಕ್ಷೆ ತಗೊಂಡಾಗ ಅವರ ಅಜ್ಜ ಆ ಜನಸಾಗರದಲ್ಲಿ ಇದ್ದರಂತೆ. "ನಾಲ್ಕು ವರ್ಷದಿಂದ ಇಲ್ಲಿದ್ದೀನಿ. ಈ ಪ್ರಶ್ನೆ ಬಂದಾಗಲೆಲ್ಲ ನಮ್ಮವರು ಯಾರಾದ್ರೂ 'ಅದೆಲ್ಲ ಹಳೇ ಕಾಲದ್ದು, ಈಗ ಇಲ್ಲ' ಅಂತಿದ್ರು. ನಾನು ಸುಮ್ಮನಿರ್ತಿದ್ದೆ. ಇದೆ ಅಂತ ನನ್ನ ಎದುರಿಗೆ ಹೇಳಿದ್ದು ನೀವೇ ಮೊದಲು" ಅಂದ್ರು. ಅಷ್ಟೇ ಹೇಳಿ ಟ್ರಾಮ್ ಹತ್ತಿದ್ರು.

ನಾವು ದೇಶದ ಮಾನ ಉಳಿಸ್ತಿದ್ದೀವಿ ಅಂದುಕೊಂಡು "ಇಲ್ಲ" ಅಂತೀವಿ. ಪಕ್ಕದಲ್ಲಿ ಕೂತ ನಮ್ಮ ದೇಶದವರೇ ಅದನ್ನ ಕೇಳಿಸಿಕೊಳ್ತಿರ್ತಾರೆ. ಹೊರದೇಶದಲ್ಲೂ ಈ ವಿಷಯ ಈಗ ಗುಟ್ಟಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿ ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದ್ದೇ ಮಸೂದೆ ಪಾಸು ಮಾಡಿತು, ರಾಜ್ಯಪಾಲರು ಅಕ್ಟೋಬರಿನಲ್ಲಿ ವೀಟೊ ಮಾಡಿದ್ರು. ಅಲ್ಲಿರೋ ಹಿಂದೂಗಳಲ್ಲೇ ಪರ, ವಿರೋಧ ಎರಡೂ ಇತ್ತು. ಎರಡೂ ಕಡೆಯವರ ಮಾತು ಓದಿಕೊಂಡು ಹೋಗಿ.

ಹಾಗೇ, ಜಾತಿಯ ವಿರುದ್ಧ ಮಾತಾಡಿದವರೂ ಇದೇ ಮಣ್ಣಿನವರು ಅನ್ನೋದನ್ನ ಹೇಳೋಕೆ ಹಿಂಜರಿಯಬೇಡಿ. 12ನೇ ಶತಮಾನದ ಶರಣರು, ಕನಕದಾಸರು, ಪಂಢರಪುರದ ಚೋಖಾಮೇಳ. ನಾವು ಕೂತಿರೋ ಈ ಪುಣೆಯಲ್ಲೇ 1848ರಲ್ಲಿ ಸಾವಿತ್ರಿಬಾಯಿ, ಜೋತಿರಾವ್ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ್ರು. ಆದ್ರೆ ಈ ಹೆಸರುಗಳನ್ನ ಜಾತಿ ಇಲ್ಲ ಅನ್ನೋದಕ್ಕೆ ಪುರಾವೆಯಾಗಿ ಬಳಸಬೇಡಿ. ಜಾತಿ ಇದ್ದಿದ್ದಕ್ಕೇ ಅವರು ಮಾತಾಡಬೇಕಾಯ್ತು.

ಕರ್ಮದ ಬಗ್ಗೆಯೂ ಒಂದು ಎಚ್ಚರಿಕೆ. ನಿಮ್ಮ ಕೆಲಸಕ್ಕೆ ನೀವು ಹೊಣೆ ಅನ್ನೋ ಅರ್ಥದಲ್ಲಿ ಕರ್ಮ ವಿವರಿಸಿ, ಚೆನ್ನಾಗಿರುತ್ತೆ. ಇನ್ನೊಬ್ಬರ ಕಷ್ಟಕ್ಕೆ ಕಾರಣ ಹೇಳೋಕೆ ಅದನ್ನ ಬಳಸಬೇಡಿ. ಮಗು ಹುಷಾರಿಲ್ಲದ ತಾಯಿಯ ಮುಂದೆ ಹಿಂದಿನ ಜನ್ಮದ ಮಾತು ತೆಗೆದ್ರೆ ಅದು ತತ್ವಜ್ಞಾನ ಅನ್ನಿಸೋಲ್ಲ, ಕ್ರೌರ್ಯ ಅನ್ನಿಸುತ್ತೆ.

ನಮ್ಮ ಇಂಜಿನಿಯರ್ ಸಮುದಾಯಕ್ಕೆ ಒಂದು ವಿಶೇಷ ವಿನಂತಿ. ವಾಟ್ಸ್ಯಾಪ್ ವಿಜ್ಞಾನ ಇಲ್ಲೇ ಬಿಟ್ಟು ಹೋಗಿ. ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಅಂತ ನಾಸಾ ಹೇಳಿದೆ ಅನ್ನೋ ಮೆಸೇಜ್ ಎಲ್ಲರಿಗೂ ಬಂದಿರುತ್ತೆ. ಅದರ ಮೂಲ 1985ರಲ್ಲಿ ರಿಕ್ ಬ್ರಿಗ್ಸ್ ಅನ್ನೋ ಸಂಶೋಧಕ ಎಐ ಮ್ಯಾಗಜೀನ್‌ನಲ್ಲಿ ಬರೆದ ಒಂದು ಲೇಖನ. ಸಂಸ್ಕೃತ ವೈಯಾಕರಣರ ವಾಕ್ಯ ವಿಶ್ಲೇಷಣೆಗೂ ಎಐನ ಜ್ಞಾನ ನಿರೂಪಣೆಗೂ ಇರೋ ಹೋಲಿಕೆ ಅದರ ವಿಷಯ. ಪ್ರೋಗ್ರಾಮಿಂಗ್ ಭಾಷೆಯ ಮಾತೇ ಬೇರೆ. ನಿಜವಾದದ್ದು ಇದಕ್ಕಿಂತ ಸೊಗಸಾಗಿದೆ: ಪಾಣಿನಿ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಇಡೀ ಭಾಷೆಯನ್ನ ನಿಯಮಗಳಾಗಿ ಬರೆದಿಟ್ಟ. ಕಂಪೈಲರ್ ಓದಿದ ಯಾರಿಗಾದ್ರೂ ಅದರ ಬೆಲೆ ಗೊತ್ತಾಗುತ್ತೆ. ನಿಜ ಇಷ್ಟು ದೊಡ್ಡದಿರುವಾಗ ಸುಳ್ಳು ಯಾಕೆ ಬೇಕು?

ಇನ್ನೊಂದು ಸಂಗತಿ. ನಾವು ಹೋಗೋ ಮುಂಚೆಯೇ ನಮ್ಮ ಪುಸ್ತಕಗಳು ಅಲ್ಲಿಗೆ ಹೋಗಿವೆ. ಮೊಘಲ್ ರಾಜಕುಮಾರ ದಾರಾ ಶಿಕೋ 1657ರಲ್ಲಿ ಉಪನಿಷತ್ತುಗಳನ್ನ ಪರ್ಷಿಯನ್‌ಗೆ ಮಾಡಿಸಿದ. ಅದರಿಂದ ಒಬ್ಬ ಫ್ರೆಂಚ್ ವಿದ್ವಾಂಸ ಲ್ಯಾಟಿನ್‌ಗೆ ತಂದ. ಅದನ್ನ ಓದಿ ಮೆಚ್ಚಿದವನು ಜರ್ಮನ್ ತತ್ವಜ್ಞಾನಿ ಶೋಪೆನ್‌ಹಾವರ್. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಟ್ಯೂಬಿಂಗೆನ್‌ಗೆ ಹೋಗಿದ್ದೆ. ನಮ್ಮ ಕಿಟೆಲ್ ಕೊನೆಯ ದಿನಗಳನ್ನ ಕಳೆದು 1903ರಲ್ಲಿ ತೀರಿಕೊಂಡ ಊರು ಅದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ ನಿಘಂಟಿಗಾಗಿ ಅಲ್ಲಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಅದೇ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ನಮ್ಮ ದಾಸರ ಪದಗಳನ್ನ ಸಂಗ್ರಹಿಸಿ ಅಚ್ಚು ಹಾಕಿಸಿದವರು. ಧರ್ಮ ಪ್ರಚಾರಕ್ಕೆ ಬಂದವರು ನಮ್ಮ ಪದಗಳನ್ನ ಅಷ್ಟು ಶ್ರದ್ಧೆಯಿಂದ ಓದಿದ್ರು. ನಾವು ಎಷ್ಟು ಓದಿದ್ದೀವಿ?

ದೇವಸ್ಥಾನಗಳ ಚಿಂತೆ ಬೇಡ. ಅಮೆರಿಕದಲ್ಲಿ ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ, ನ್ಯೂಯಾರ್ಕ್‌ನ ಗಣಪತಿ 1970ರ ದಶಕದಿಂದ ಇದ್ದಾರೆ. ಲಂಡನ್ನಿನ ನೀಸ್ಡನ್ ಮಂದಿರ 1995ರದ್ದು. ಜರ್ಮನಿಯ ಹಾಮ್ ಊರಿನಲ್ಲಿ ಗೋಪುರದ ಸಮೇತ ಕಾಮಾಕ್ಷಿ ಅಮ್ಮನ ಗುಡಿ ಇದೆ. 2002ರಲ್ಲಿ ಕುಂಭಾಭಿಷೇಕ ಆಯ್ತು. ಕಟ್ಟಿದವರು ಯುದ್ಧದಿಂದ ತಪ್ಪಿಸಿಕೊಂಡು ಬಂದ ಶ್ರೀಲಂಕಾದ ತಮಿಳರು. ಅಲ್ಲಿ ನಿಂತಾಗ ಹಿಂದೂ ಅಂದ್ರೆ ಭಾರತೀಯ ಅಂತ ನಾವು ಅಂದುಕೊಳ್ಳೋದೂ ಅರ್ಧ ಸತ್ಯ ಅಂತ ಗೊತ್ತಾಗುತ್ತೆ. ಬಾಲಿಯವರು, ಮಾರಿಷಸ್‌ನವರು, ನೇಪಾಳದವರೂ ಇದ್ದಾರಲ್ಲ.

ಹಾಗಾದ್ರೆ ಮೂರು ತಿಂಗಳಲ್ಲಿ ಏನು ಮಾಡಬಹುದು? ನಾನು ಮಾಡಿದ್ದನ್ನೇ ಹೇಳ್ತೀನಿ, ವಾರಕ್ಕೆ ಮೂರ್ನಾಲ್ಕು ಗಂಟೆಯ ಕೆಲಸ.

ಮೊದಲ ತಿಂಗಳು ನಿಮ್ಮ ಮನೆ. ಅಮ್ಮ, ಅಜ್ಜಿ, ಸೋದರತ್ತೆ ಯಾರಿದ್ದಾರೋ ಅವರ ಹತ್ತಿರ ಕೂತು ಕೇಳಿ. ನಮ್ಮ ಕುಲದೇವರು ಯಾರು, ಯಾಕೆ ಆ ದೇವರು, ಯಾವ ಹಬ್ಬಕ್ಕೆ ಏನು ಮಾಡ್ತೀವಿ, ಏನು ಮಾಡೋಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಇದು ಯಾವ ಪುಸ್ತಕದಲ್ಲೂ ಸಿಗೋಲ್ಲ, ಅವರು ಹೋದ ಮೇಲೆ ಎಲ್ಲೂ ಸಿಗೋಲ್ಲ.

ಎರಡನೇ ತಿಂಗಳು ಎರಡು ಪುಸ್ತಕ. ಗೀತೆ, 18 ಅಧ್ಯಾಯ, 700 ಶ್ಲೋಕ, ಕನ್ನಡ ಅರ್ಥದ ಜೊತೆ. ಸಾಧ್ಯ ಆದ್ರೆ ಡಿ.ವಿ.ಜಿ.ಯವರ 'ಜೀವನಧರ್ಮಯೋಗ'. ಜೊತೆಗೆ ವಚನಗಳದ್ದೋ ದಾಸರ ಪದಗಳದ್ದೋ ಒಂದು ಸಂಕಲನ.

ಮೂರನೇ ತಿಂಗಳು ಎರಡು ವಿಷಯ. ಅಂಬೇಡ್ಕರ್ ಅವರ 'ಜಾತಿ ವಿನಾಶ' ಓದಿ. 1936ರಲ್ಲಿ ಬರೆದದ್ದು, ಸಂಘಟಕರು ಭಾಷಣವನ್ನೇ ರದ್ದು ಮಾಡಿದ್ದಕ್ಕೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದು. ಆಮೇಲೆ ನೀವು ಹೋಗೋ ದೇಶದ ಜನರ ಧರ್ಮದ ಬಗ್ಗೆ ಓದಿ. ಗುಡ್ ಫ್ರೈಡೇ ದಿನ 'ಹ್ಯಾಪಿ ಗುಡ್ ಫ್ರೈಡೇ' ಅಂತ ಮೆಸೇಜ್ ಕಳಿಸಬೇಡಿ, ಅದು ದುಃಖದ ದಿನ. ಭಾನುವಾರ ಅಲ್ಲಿ ಅಂಗಡಿ ಮುಚ್ಚಿರುತ್ತೆ, ಶನಿವಾರವೇ ತರಕಾರಿ ತಂದಿಟ್ಟುಕೊಳ್ಳಿ.

ದೇವರನ್ನ ನಂಬದವರೂ ಇದನ್ನ ಮಾಡಿ. ನಂಬೋದು ಬಿಡೋದು ನಿಮ್ಮ ಇಷ್ಟ, ಏನನ್ನ ಬಿಟ್ಟಿದ್ದೀರಿ ಅಂತ ತಿಳಿದಿರಬೇಕಲ್ವಾ? ಗೊತ್ತಿಲ್ಲದ್ದನ್ನ ಯಾರಾದ್ರೂ ಕೇಳಿದ್ರೆ "ನನಗೆ ಗೊತ್ತಿಲ್ಲ, ಮನೆಯಲ್ಲಿ ಕೇಳಿ ಹೇಳ್ತೀನಿ" ಅನ್ನಿ. ಆ ರಾತ್ರಿ ಊರಿಗೆ ಫೋನ್ ಮಾಡೋಕೆ ಒಂದು ಒಳ್ಳೇ ಕಾರಣ ಸಿಗುತ್ತೆ. ಊಟ ಆಯ್ತಾ, ಚಳಿ ಇದೆಯಾ ಅನ್ನೋದು ಮುಗಿದ ಮೇಲೆ ಮಾತಾಡೋಕೆ ಏನಾದ್ರೂ ಬೇಕಲ್ಲ.

ನನ್ನ ಮಾತು ಮುಗೀತು. ಕಾಫಿ ಬರೋಕೆ ಇನ್ನೂ ಹತ್ತು ನಿಮಿಷ ಇದೆಯಂತೆ. ಪ್ರಶ್ನೆ ಇದ್ರೆ ಕೇಳಿ, ಜಗಳ ಇದ್ರೆ ಕಾಫಿ ಕುಡಿದು ಮಾಡೋಣ.